ಹಳೆ ಡೆಸ್ಕ್‌ಟಾಪ್‌ನಲ್ಲಿ ಗೇಮ್ ತಡವರಿಸುತ್ತಿದೆಯೇ? ಕಾರ್ಡ್ ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿ

ಬೇಸಿಗೆ ರಜೆಯಲ್ಲಿ ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಅನ್ಸುತ್ತೆ. ಹೊಸದು ಕೊಡಿಸು ಅಂತ ಅಮ್ಮಂಗೆ ನೀವೇ ಹೇಳಿ."

"ಹೋಗಿದ್ರೆ ಪರದೆ ತುಂಬ ಗೆರೆ ಬರ್ತಿತ್ತು, ಇಲ್ಲಾ ಕತ್ತಲೆ. ಯಾವಾಗಿಂದ ಹಿಂಗೆ?"

"ಒಂದು ತಿಂಗಳಾಯ್ತು."

"ಆಟ ಶುರುವಾದ ಕೂಡಲೇ ನಿಧಾನಾನಾ, ಸ್ವಲ್ಪ ಹೊತ್ತಾದ ಮೇಲಾ?"

"ಹತ್ತು ನಿಮಿಷ ಚೆನ್ನಾಗೇ ಇರುತ್ತೆ. ಆಮೇಲೆ ಸ್ಲೈಡ್ ಶೋ."

ಅರ್ಧ ಉತ್ತರ ಅಲ್ಲೇ ಸಿಕ್ಕಿತ್ತು. ಹತ್ತು ನಿಮಿಷ ಚೆನ್ನಾಗಿ ಓಡುವ ಯಂತ್ರಕ್ಕೆ ಶಕ್ತಿ ಇದೆ ಎಂದೇ ಅರ್ಥ. ಏನೋ ಒಂದು ಅದನ್ನು ಹಿಡಿದು ನಿಲ್ಲಿಸುತ್ತಿದೆ. ಅವನದು ಇಂಟೆಲ್ ಐ5-4460 ಪ್ರೊಸೆಸರ್, 8 ಜಿಬಿ ಡಿಡಿಆರ್3 ರ‍್ಯಾಮ್, ಜಿಟಿಎಕ್ಸ್ 1050 ಟಿಐ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್ ಇರುವ ಪಿಸಿ. ಹತ್ತು ವರ್ಷದ ಹಿಂದೆ ಜೋಡಿಸಿದ ಇಂಥ ಡಬ್ಬಗಳು ನಮ್ಮ ಮನೆಗಳಲ್ಲಿ ಇನ್ನೂ ಬೇಕಾದಷ್ಟಿವೆ. ಈ ಬರಹ ಅವುಗಳ ಒಡೆಯರಿಗೆ. ಕ್ರಮ ಇಷ್ಟೇ: ಮೊದಲು ಅಳೆಯುವುದು, ಆಮೇಲೆ ಖರ್ಚಿಲ್ಲದ್ದನ್ನು ಸರಿಪಡಿಸುವುದು, ನಂತರ ಸ್ಕ್ರೂಡ್ರೈವರ್ ಹಿಡಿಯುವುದು, ಎಲ್ಲಕ್ಕೂ ಕೊನೆಗೆ ಅಂಗಡಿಗೆ ಹೋಗುವುದು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತೇವೆ.

ಹಂತ 1: "ಲ್ಯಾಗ್" ಅನ್ನುವುದನ್ನು ಬಿಡಿಸಿ ಹೇಳಿ

ಎಲ್ಲ ತೊಂದರೆಗೂ ನಾವು ಲ್ಯಾಗ್ ಎನ್ನುತ್ತೇವೆ. ಅದರೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ.

ಆಟ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ನಿಧಾನ ಇದ್ದರೆ ಯಂತ್ರಾಂಶದ ಶಕ್ತಿ ಸಾಲದು, ಇಲ್ಲವೇ ಸೆಟ್ಟಿಂಗ್ ತಪ್ಪಿದೆ. ಚೆನ್ನಾಗಿ ಶುರುವಾಗಿ ಆಮೇಲೆ ಕುಸಿದರೆ ಬಹುಪಾಲು ಬಿಸಿ. ಚೆನ್ನಾಗಿ ಓಡುತ್ತಾ ನಡುನಡುವೆ ಅರ್ಧ ಸೆಕೆಂಡ್ ಗಕ್ಕನೆ ನಿಂತರೆ ಡಿಸ್ಕ್, ರ‍್ಯಾಮ್ ಅಥವಾ ಹಿನ್ನೆಲೆಯಲ್ಲಿ ಓಡುತ್ತಿರುವ ಇನ್ನೇನೋ. ಚಿತ್ರ ನುಣುಪಾಗಿಯೇ ಓಡುತ್ತಿದೆ, ಆದರೆ ಹೊಡೆದ ಗುಂಡು ತಾಗುವುದಿಲ್ಲ, ಎದುರಾಳಿ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಕಾಣಿಸಿಕೊಳ್ಳುತ್ತಾನೆ ಎಂದಾದರೆ ಅದು ಇಂಟರ್ನೆಟ್ಟಿನ ಸಮಸ್ಯೆ. ಈ ನಾಲ್ಕನೆಯದಕ್ಕೆ ಎಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದರೂ ಉಪಯೋಗವಿಲ್ಲ. ವೈಫೈ ಬಿಟ್ಟು ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆದು ನೋಡಿ; ಸರಿಹೋದರೆ ಈ ಬರಹದ ಉಳಿದ ಭಾಗ ನಿಮಗೆ ಬೇಡ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಪಿಸಿ ನಿಧಾನವಾಯಿತೋ, ಆಟವೇ ಭಾರವಾಯಿತೋ? 2023ರ ಸೆಪ್ಟೆಂಬರ್‌ನಲ್ಲಿ ಸಿಎಸ್:ಗೋ ಜಾಗಕ್ಕೆ ಕೌಂಟರ್-ಸ್ಟ್ರೈಕ್ 2 ಬಂದಾಗ, ನಿನ್ನೆಯವರೆಗೆ ಸಲೀಸಾಗಿ ಓಡುತ್ತಿದ್ದ ಎಷ್ಟೋ ಪಿಸಿಗಳು ಇದ್ದಕ್ಕಿದ್ದಂತೆ ಏದುಸಿರು ಬಿಟ್ಟವು. ಪಿಸಿ ಅದೇ, ಐಕಾನ್ ಇದ್ದ ಜಾಗವೂ ಅದೇ, ಒಳಗಿನ ಎಂಜಿನ್ ಮಾತ್ರ ಹೊಸದು. ಇದನ್ನು ತಿಳಿಯಲು ನಿಮ್ಮ ಪಿಸಿಯಲ್ಲಿ ಹಿಂದೆ ಚೆನ್ನಾಗಿ ಓಡಿದ್ದ ಬೇರೊಂದು ಹಳೆಯ ಆಟ ಹಾಕಿ ನೋಡಿ. ಅದೂ ಮುಗ್ಗರಿಸಿದರೆ ಕಾಯಿಲೆ ಪಿಸಿಗೆ.

ಹಂತ 2: ಅಳತೆ

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಇಳಿಸಿಕೊಳ್ಳಿ. ಜೊತೆಗೆ ರಿವಾಟ್ಯೂನರ್ ಬರುತ್ತದೆ. ಕಾರ್ಡ್ ಯಾವ ಕಂಪನಿಯದಾದರೂ ಇದು ಕೆಲಸ ಮಾಡುತ್ತದೆ. ಆಟದ ಪರದೆಯ ಮೂಲೆಯಲ್ಲಿ ಇವಿಷ್ಟು ಕಾಣುವಂತೆ ಮಾಡಿಕೊಳ್ಳಿ: ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಫ್ರೇಮ್ ಟೈಮ್ (ಒಂದು ಫ್ರೇಮಿಗೆ ಹಿಡಿದ ಹೊತ್ತು), ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಜಿಪಿಯು ಬಿಸಿ, ವೀಡಿಯೊ ಮೆಮೊರಿ, ಸಿಪಿಯುವಿನ (ಪ್ರೊಸೆಸರ್) ಒಂದೊಂದು ಕೋರ್‌ನ ಬಳಕೆ, ಸಿಪಿಯು ಕ್ಲಾಕ್ (ಓಡುವ ವೇಗ), ಸಿಪಿಯು ಬಿಸಿ, ರ‍್ಯಾಮ್ ಬಳಕೆ.

ಎಫ್‌ಪಿಎಸ್ ಸರಾಸರಿಯನ್ನೇ ನಂಬಬೇಡಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೂ 16.7 ಮಿಲಿಸೆಕೆಂಡ್. ಅವುಗಳಲ್ಲಿ ಒಂದೇ ಒಂದು ಫ್ರೇಮ್ 200 ಮಿಲಿಸೆಕೆಂಡ್ ತೆಗೆದುಕೊಂಡರೂ ಕಣ್ಣಿಗೆ ಕುಲುಕಿದಂತಾಗುತ್ತದೆ, ಸರಾಸರಿಯಲ್ಲಿ ಮಾತ್ರ ಅದು ಮುಚ್ಚಿಹೋಗುತ್ತದೆ. ಫ್ರೇಮ್ ಟೈಮ್ ಗೆರೆಯನ್ನು ನೋಡಿ: ಸಪಾಟಾಗಿದ್ದರೆ ಸರಿ, ಇಸಿಜಿಯಂತೆ ಏರಿಳಿದರೆ ಅಲ್ಲೇ ಸಮಸ್ಯೆ.

ಆಟದಲ್ಲಿ ಒಂದು ಜಾಗ ಗೊತ್ತುಮಾಡಿಕೊಂಡು ಪ್ರತಿ ಸಲವೂ ಅಲ್ಲೇ, ಅದೇ ದಾರಿಯಲ್ಲಿ, ಕನಿಷ್ಠ 15 ನಿಮಿಷ ಆಡಿ. ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ. ಮುಂದೆ ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ. ಐದು ಕೆಲಸ ಒಟ್ಟಿಗೆ ಮಾಡಿ "ಸರಿಹೋಯ್ತು" ಎಂದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ವರ್ಷ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಶುರು.

ಈಗ ಅಂಕಿಗಳನ್ನು ಓದುವುದು. ಜಿಪಿಯು ಬಳಕೆ ಸದಾ 95ರಿಂದ 99 ಪ್ರತಿಶತ ಇದ್ದರೆ ಕಾರ್ಡ್ ತನ್ನ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿದೆ, ಅದಕ್ಕಿಂತ ಹೆಚ್ಚು ಅದರಿಂದಾಗದು. ಜಿಪಿಯು 50-60ರಲ್ಲಿ ಸುಮ್ಮನೆ ಕೂತಿದ್ದು ಸಿಪಿಯುವಿನ ಒಂದೋ ಎರಡೋ ಕೋರ್ 100 ಮುಟ್ಟುತ್ತಿದ್ದರೆ ಸಿಪಿಯು ತಡೆ. ಇಲ್ಲಿ ಬಹಳ ಜನ ಎಡವುತ್ತಾರೆ: ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ದಣಿದಿದ್ದರೂ ಒಟ್ಟು ಬಳಕೆ 40 ಎಂದೇ ತೋರಿಸಬಹುದು. ಅದಕ್ಕೇ ಒಂದೊಂದು ಕೋರನ್ನೂ ಬೇರೆಯಾಗಿ ನೋಡಬೇಕು. ಸಿಪಿಯು ಕೋರ್‌ಗಳೂ ಜಿಪಿಯುವೂ ಎರಡೂ ಬಿಡುವಾಗಿದ್ದು ಆಟ ಮಾತ್ರ ನಿಧಾನ ಇದ್ದರೆ, ಎಲ್ಲೋ ಫ್ರೇಮ್ ಮಿತಿ ಹಾಕಲಾಗಿದೆ, ಇಲ್ಲವೇ ಡಿಸ್ಕ್ ಅಥವಾ ರ‍್ಯಾಮ್‌ಗಾಗಿ ಇಬ್ಬರೂ ಕಾಯುತ್ತಿದ್ದಾರೆ.

ಸಂಶಯವಿದ್ದರೆ ಒಂದು ಸುಲಭ ಪರೀಕ್ಷೆ. ಆಟದ ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ. ಕಾರ್ಡ್ ಬಿಡಿಸಬೇಕಾದ ಚುಕ್ಕೆಗಳು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತವೆ. ಎಫ್‌ಪಿಎಸ್ ಜಿಗಿದರೆ ಕಾರ್ಡೇ ತಡೆ. ಅಲ್ಲಾಡದಿದ್ದರೆ ಕಾರ್ಡ್ ನಿರಪರಾಧಿ, ಹೊಸ ಕಾರ್ಡಿಗೆ ಹಾಕುವ ದುಡ್ಡು ಹೊಳೆಗೆ ಹಾಕಿದಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಳೆ ಸಿಪಿಯು ಪಕ್ಕಕ್ಕೆ ದುಬಾರಿ ಕಾರ್ಡ್ ಕಟ್ಟಿದರೆ ಆಗುವುದು ಅದೇ.

ನಮ್ಮ ಹುಡುಗನ ಪಿಸಿಯಲ್ಲಿ ಕಂಡದ್ದು: ಆಟ ಶುರುವಾದಾಗ ಸಿಪಿಯು ಕ್ಲಾಕ್ 3.2 ಗಿಗಾಹರ್ಟ್ಸ್ ಮೇಲೆ. ಸ್ವಲ್ಪ ಹೊತ್ತಿಗೆ ಬಿಸಿ ನೂರರ ಹತ್ತಿರ, ಕ್ಲಾಕ್ ಎರಡಕ್ಕಿಂತ ಕೆಳಗೆ, ಜಿಪಿಯು ಅರ್ಧ ನಿದ್ದೆ.

ಹಂತ 3: ಕಾಸು ಖರ್ಚಿಲ್ಲದ ತಪ್ಪುಗಳು

ಹೇಳಿದರೆ ನಗುತ್ತೀರಿ, ಆದರೂ ಮೊದಲು ಪಿಸಿಯ ಹಿಂಬದಿ ನೋಡಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿದೆಯೋ, ಮೇಲಿನ ಮದರ್‌ಬೋರ್ಡ್ ಪೋರ್ಟಿಗೋ? ದೀಪಾವಳಿ ಕ್ಲೀನಿಂಗ್ ಆದ ಮೇಲೆ ಕೇಬಲ್ ಜಾಗ ಬದಲಾಗಿ, ಕಾರ್ಡ್ ಸುಮ್ಮನೆ ಕೂತು, ಸಿಪಿಯುವಿನೊಳಗಿನ ಪುಟ್ಟ ಗ್ರಾಫಿಕ್ಸ್‌ನಲ್ಲಿ ತಿಂಗಳುಗಟ್ಟಲೆ ಆಡಿದವರನ್ನು ನೋಡಿದ್ದೇನೆ.

ಮಾನಿಟರ್ 144 ಹರ್ಟ್ಸ್‌ನದಾಗಿದ್ದರೆ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಅದು 60ಕ್ಕೆ ಇಳಿದಿಲ್ಲ ತಾನೇ ಎಂದು ನೋಡಿ. ಪವರ್ ಆಪ್ಷನ್ಸ್‌ನಲ್ಲಿ "ಪವರ್ ಸೇವರ್" ಇದ್ದರೆ ಬದಲಿಸಿ, ಬ್ಯಾಲೆನ್ಸ್ಡ್ ಸಾಕು. ಆಟದೊಳಗೆ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ಲಯಕ್ಕೆ ಕಟ್ಟುವ ಆಯ್ಕೆ) ಆನ್ ಇದೆಯೇ ನೋಡಿ. 60 ಹರ್ಟ್ಸ್ ಮಾನಿಟರ್‌ನಲ್ಲಿ ಕಾರ್ಡ್ 55 ಫ್ರೇಮ್ ಕೊಡಬಲ್ಲದಾದರೂ, ಕೆಲವು ಆಟಗಳಲ್ಲಿ ವಿ-ಸಿಂಕ್ ಅದನ್ನು ಎಳೆದು 30ಕ್ಕೆ ಕೂರಿಸುತ್ತದೆ.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್ಅಪ್ ಪಟ್ಟಿಯಲ್ಲಿ ಪ್ರಿಂಟರ್ ಸಹಾಯಕ, ಮೂರು ಗೇಮ್ ಲಾಂಚರ್, ಟೊರೆಂಟ್, ಕ್ಲೌಡ್ ಸಿಂಕ್ ಎಲ್ಲ ಸಾಲಾಗಿ ಕೂತಿರುತ್ತವೆ. 8 ಜಿಬಿ ರ‍್ಯಾಮ್ ಇರುವವರಿಗೆ ಇಪ್ಪತ್ತು ಟ್ಯಾಬ್ ತೆರೆದ ಬ್ರೌಸರ್ ಒಂದೇ ಸಾಕು ಆಟವನ್ನು ಕೆಡಿಸಲು. ಎಕ್ಸ್‌ಬಾಕ್ಸ್ ಗೇಮ್ ಬಾರ್‌ನ ಹಿನ್ನೆಲೆ ರೆಕಾರ್ಡಿಂಗ್ ಆಫ್ ಮಾಡಿ. ಆಂಟಿವೈರಸ್ ಎರಡಿದ್ದರೆ ಒಂದನ್ನು ತೆಗೆಯಿರಿ. ವಿಂಡೋಸ್ ಜೊತೆ ಬರುವ ಡಿಫೆಂಡರೇ ಸಾಕು.

ಪುಕ್ಕಟೆ "ಕ್ರ್ಯಾಕ್" ಆಟ ಹಾಕಿದ ಅಭ್ಯಾಸ ಇದ್ದರೆ ಇದನ್ನು ಗಮನಿಸಿ. ಸುಮ್ಮನಿದ್ದಾಗಲೂ ಫ್ಯಾನ್ ಭೋರ್ಗರೆಯುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸದ್ದು ಅಡಗುತ್ತದೆ, ಮುಚ್ಚಿದರೆ ಮತ್ತೆ ಶುರು. ನಿಮ್ಮ ಕರೆಂಟಿನಲ್ಲಿ ಯಾರೋ ಕ್ರಿಪ್ಟೋ ನಾಣ್ಯ ಅಗೆಯುತ್ತಿರುವ ಲಕ್ಷಣ ಇದು. ಮೈನರ್ ವೈರಸ್‌ಗಳು ಟಾಸ್ಕ್ ಮ್ಯಾನೇಜರ್ ಕಂಡರೆ ಅವಿತುಕೊಳ್ಳುತ್ತವೆ. ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ನಂಬಿಕೆ ಬರದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕುವುದು ಉತ್ತಮ.

"ಗೇಮ್ ಬೂಸ್ಟರ್", "ರ‍್ಯಾಮ್ ಕ್ಲೀನರ್", "ರಿಜಿಸ್ಟ್ರಿ ಕ್ಲೀನರ್" ಎಂಬ ಹೆಸರಿನವು ಯಾವುದೂ ಬೇಡ. ಹಿನ್ನೆಲೆಯ ಭಾರ ಇಳಿಸುತ್ತೇವೆಂದು ಬಂದು ಅವೇ ಹಿನ್ನೆಲೆಯ ಭಾರವಾಗಿ ಕೂರುತ್ತವೆ.

ಹಂತ 4: ಬಿಸಿ ಮತ್ತು ಧೂಳು

ಇಲ್ಲಿ ತಾಳ್ಮೆ ಬೇಕು, ಏಕೆಂದರೆ ಹಳೆ ಪಿಸಿಗಳ ಅತಿ ಹೆಚ್ಚು ಕಾಯಿಲೆಗಳು ಇಲ್ಲೇ. ಹ್ಯಾಸ್ವೆಲ್ ಪೀಳಿಗೆಯ ಇಂಟೆಲ್ ಪ್ರೊಸೆಸರ್‌ಗಳು (ನಮ್ಮ ಹುಡುಗನ ಐ5-4460 ಇದೇ ಪೀಳಿಗೆಯದು) ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಸುಟ್ಟುಹೋಗದಿರಲೆಂದು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ "ಥರ್ಮಲ್ ಥ್ರಾಟ್ಲಿಂಗ್" ಎಂಬ ಸಾಲಿಗೆ "ಯೆಸ್" ಎಂದು ಬಂದರೆ ಅದೇ ಪುರಾವೆ. ಸಿಪಿಯು ಆಟದ ಹೊತ್ತಿನಲ್ಲಿ 80ರ ಒಳಗಿದ್ದರೆ ನಿಶ್ಚಿಂತೆ. ಜಿಟಿಎಕ್ಸ್ 10 ಸರಣಿಯ ಕಾರ್ಡ್‌ಗಳು 83ರ ಸುತ್ತ ಕ್ಲಾಕ್ ಇಳಿಸಲು ಶುರುಮಾಡುತ್ತವೆ.

ಬಿಚ್ಚುವ ಮುಂಚೆ ಎರಡು ನಿಮಿಷದ ಪರೀಕ್ಷೆ: ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟು ಆಡಿ. ಎಫ್‌ಪಿಎಸ್ ಸುಧಾರಿಸಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ ಉಳಿದ ಕರೆಂಟು ಇಳಿಸಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಡಬ್ಬವನ್ನು ಹೊರಗೆ ಒಯ್ದು ಬ್ಲೋವರ್‌ನಿಂದ ಊದಿ. ಅಂಗಡಿಗಳಲ್ಲಿ ಬಳಸುವ ಕೈ ಬ್ಲೋವರ್ ಆದೀತು. ಊದುವಾಗ ಒಂದೊಂದು ಫ್ಯಾನನ್ನೂ ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೊಳವೆಯನ್ನು ಬೋರ್ಡಿಗೆ ತಾಗಿಸುವುದೂ ಬೇಡ. ಪಿಸಿಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್‌ಗೆ ಹೊರಗಿನಿಂದ ಊದಿ, ಅದರ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಕರೆಂಟು ಹಿಡಿದಿಟ್ಟುಕೊಂಡಿರುತ್ತವೆ.

ಈಗ ಸಿಪಿಯು ಮೇಲಿನ ಕೂಲರ್ ಅಲ್ಲಾಡಿಸಿ ನೋಡಿ. ಇಂಟೆಲ್ ಜೊತೆಗೆ ಬರುವ ದುಂಡು ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿವೆ. ಡಬ್ಬವನ್ನು ಅತ್ತಿತ್ತ ಸಾಗಿಸಿದಾಗ ಒಂದು ಕಾಲು ಕಳಚಿಕೊಂಡರೆ ಕೂಲರ್ ಒಂದು ಬದಿ ಎದ್ದು, ಪ್ರೊಸೆಸರ್‌ಗೂ ಅದಕ್ಕೂ ನಡುವೆ ಗಾಳಿ ಕೂರುತ್ತದೆ. ನಮ್ಮ ಹುಡುಗನ ಪಿಸಿಯಲ್ಲಿ ಆಗಿದ್ದು ಇದೇ. ಬಾಡಿಗೆ ಮನೆ ಬದಲಿಸಿ ಒಂದು ತಿಂಗಳಾಗಿತ್ತು; ಡಬ್ಬ ಬಂದದ್ದು ಮಂಚ, ಗ್ಯಾಸ್ ಒಲೆಗಳ ಜೊತೆ ಲಗೇಜ್ ಆಟೋದಲ್ಲಿ. "ಒಂದು ತಿಂಗಳಾಯ್ತು" ಎಂದಿದ್ದು ಯಾಕೆಂದು ಆಗ ತಿಳಿಯಿತು.

ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸುವ ವಿಧಾನ. ಕೂಲರ್ ಫ್ಯಾನಿನ ವೈರನ್ನು ಬೋರ್ಡಿನಿಂದ ತೆಗೆಯಿರಿ. ನಾಲ್ಕೂ ಕಾಲಿನ ತಲೆಯನ್ನು ಅದರ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿ ಮೇಲೆತ್ತಿ. ಒಣಗಿ ಸುಣ್ಣದಂತಾದ ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಅಥವಾ ಟಿಶ್ಯೂನಿಂದ ಎರಡೂ ಕಡೆ ಪೂರ್ತಿ ಒರೆಸಿ. ನಡುವೆ ಬಟಾಣಿ ಕಾಳಿಗಿಂತ ಸ್ವಲ್ಪ ಚಿಕ್ಕದಾಗಿ ಹೊಸ ಪೇಸ್ಟ್ ಇಡಿ. ಹೋಳಿಗೆಗೆ ತುಪ್ಪ ಸುರಿದ ಹಾಗೆ ಸುರಿಯಬೇಡಿ. ಪೇಸ್ಟ್ ಇರುವುದು ಕಣ್ಣಿಗೆ ಕಾಣದ ಸಂದು ತುಂಬಲು ಮಾತ್ರ. ಕಾಲುಗಳ ತಲೆಯನ್ನು ಹಳೆಯ ಸ್ಥಾನಕ್ಕೆ ತಿರುಗಿಸಿ, ಕೂಲರ್ ಕೂರಿಸಿ, ಎದುರುಬದುರಿನ ಎರಡನ್ನು ಒಟ್ಟಿಗೆ "ಟಕ್" ಅನ್ನುವವರೆಗೆ ಒತ್ತಿ, ಆಮೇಲೆ ಉಳಿದೆರಡು. ಬೋರ್ಡಿನ ಹಿಂದುಗಡೆ ನಾಲ್ಕೂ ಕಾಲು ಹೊರಬಂದಿವೆಯೇ ನೋಡಿ. ಫ್ಯಾನ್ ವೈರ್ ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ.

ಎಎಮ್‌ಡಿ ಎಎಮ್4 ಸಾಕೆಟ್‌ನವರಿಗೆ (ಹೆಚ್ಚಾಗಿ ರೈಜೆನ್ ಪ್ರೊಸೆಸರ್ ಇರುವವರು) ಬೇರೆ ಎಚ್ಚರಿಕೆ. ಅಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನ ಅಡಿಯಲ್ಲಿ. ಗಟ್ಟಿಯಾದ ಪೇಸ್ಟ್ ಅಂಟಿನಂತೆ ಹಿಡಿದಿದ್ದರೆ ಕೂಲರ್ ಎತ್ತಿದಾಗ ಪ್ರೊಸೆಸರೂ ಕಿತ್ತುಕೊಂಡು ಬಂದು ಪಿನ್ ಬಾಗುತ್ತವೆ. ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಆಫ್ ಮಾಡಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿ, ಆಮೇಲೆ ಎತ್ತಿ.

ಗ್ರಾಫಿಕ್ಸ್ ಕಾರ್ಡಿನ ಪೇಸ್ಟನ್ನು ಮೊದಲ ಸಲವೇ ಮುಟ್ಟಲು ನಾನು ಹೇಳುವುದಿಲ್ಲ. ಮೊದಲು ಧೂಳು ತೆಗೆದು, ಫ್ಯಾನ್‌ಗಳೆಲ್ಲ ತಿರುಗುತ್ತವೆಯೇ ನೋಡಿ. ಅಷ್ಟರಲ್ಲೇ ಬಹುಪಾಲು ಕೆಲಸ ಮುಗಿಯುತ್ತದೆ. ಅದರೊಳಗಿನ ಥರ್ಮಲ್ ಪ್ಯಾಡ್‌ಗಳ ದಪ್ಪ ಒಂದೊಂದು ಕಾರ್ಡಿಗೆ ಒಂದೊಂದು. ಹರಿದರೆ ಅದೇ ದಪ್ಪದ್ದು ಹುಡುಕುವುದು ತಲೆನೋವು.

ಕ್ಯಾಬಿನೆಟ್ ಇಡುವ ಜಾಗದ ಬಗ್ಗೆ ಒಂದು ಮಾತು. ಕಂಪ್ಯೂಟರ್ ಟೇಬಲ್ಲಿನ ಕೆಳಗೆ ಮೂರು ಕಡೆ ಹಲಗೆ ಮುಚ್ಚಿದ ಗೂಡೊಂದು ಇರುತ್ತದಲ್ಲ, ಅದನ್ನು ಮಾಡಿದವರಿಗೆ ಪಿಸಿ ಬಿಸಿಯಾಗುತ್ತದೆಂದು ಗೊತ್ತಿರಲಿಲ್ಲ. ಅಲ್ಲಿಂದ ಹೊರಗೆ ತಂದು, ಹಿಂದೆ ಗೋಡೆಗೆ ಅರ್ಧ ಅಡಿ ಬಿಟ್ಟು ಇಡಿ. ಅಮ್ಮ ಹೊದಿಸಿದ ಕಸೂತಿ ಬಟ್ಟೆಯನ್ನು ಆಡುವಾಗಲಾದರೂ ತೆಗೆಯಿರಿ.

ಹಂತ 5: ಒಂಟಿ ಎತ್ತಿನ ರ‍್ಯಾಮ್

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ರ‍್ಯಾಮ್ ವೇಗವೂ ಎಷ್ಟು ಸ್ಲಾಟ್ ತುಂಬಿವೆ ಎಂಬುದೂ ಕಾಣುತ್ತದೆ. ಸಿಪಿಯು-ಝಡ್ ಇನ್ನೂ ವಿವರವಾಗಿ ತೋರಿಸುತ್ತದೆ. ಅದರಲ್ಲಿ ವೇಗವು ಅರ್ಧದಷ್ಟು ಕಾಣುತ್ತದೆ, 800 ಎಂದಿದ್ದರೆ 1600 ಎಂದು ಓದಿಕೊಳ್ಳಿ.

8 ಜಿಬಿ ಒಂದೇ ಕಡ್ಡಿಯಲ್ಲಿದ್ದರೆ ಸಿಪಿಯು ಒಂದೇ ಚಾನೆಲ್‌ನಲ್ಲಿ ಓದುತ್ತದೆ. ಡಿಡಿಆರ್3-1600ರಲ್ಲಿ ಒಂದು ಚಾನೆಲ್ಲಿಗೆ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ, ಎರಡು ಕಡ್ಡಿ ಜೋಡಿಯಾಗಿ ಕೂತರೆ 25.6. ಒಂಟಿ ಎತ್ತಿನ ಗಾಡಿಗೆ ಜೋಡೆತ್ತು ಕಟ್ಟಿದ ಹಾಗೆ. ಕಾರ್ಡಿಲ್ಲದೆ ಸಿಪಿಯುವಿನ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗಂತೂ ಇದಕ್ಕಿಂತ ಅಗ್ಗದ ಸುಧಾರಣೆ ಇನ್ನೊಂದಿಲ್ಲ. ಬೇರೆ ಕಾರ್ಡ್ ಇದ್ದವರಿಗೆ ಸರಾಸರಿಗಿಂತ ಹೆಚ್ಚಾಗಿ ಆ ಗಕ್ಕನೆ ನಿಲ್ಲುವ ಕಾಟ ಕಡಿಮೆಯಾಗುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಕಡ್ಡಿಯನ್ನು ಅಕ್ಕಪಕ್ಕ ಹಾಕಬೇಡಿ. ಸಾಮಾನ್ಯವಾಗಿ ಸಿಪಿಯುವಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ.

ಡಿಡಿಆರ್4 ಇರುವವರು ಇನ್ನೊಂದನ್ನು ನೋಡಬೇಕು. ಕಡ್ಡಿಯ ಮೇಲೆ 3200 ಎಂದು ಬರೆದಿದ್ದರೂ ಬಯೋಸ್‌ನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಎಂಬ ರ‍್ಯಾಮ್ ವೇಗದ ಆಯ್ಕೆ ಆನ್ ಮಾಡದಿದ್ದರೆ ಅದು 2133ಕ್ಕೋ 2400ಕ್ಕೋ ಓಡುತ್ತಿರುತ್ತದೆ. ರೈಜೆನ್ ಪ್ರೊಸೆಸರ್‌ಗಳು ಇದರಿಂದ ಬಹಳ ಸೊರಗುತ್ತವೆ. "ನಾನು ಮೊದಲೇ ಆನ್ ಮಾಡಿದ್ದೆ" ಎನ್ನುವವರೂ ಮತ್ತೊಮ್ಮೆ ನೋಡಿ. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದ್ದರೆ, ಕರೆಂಟು ಹೋದಾಗಲೆಲ್ಲ ಬಯೋಸ್ ತನ್ನ ಸೆಟ್ಟಿಂಗ್ ಮರೆತು ಹಳೆಯ ವೇಗಕ್ಕೆ ಹಿಂತಿರುಗುತ್ತದೆ. ಪಿಸಿ ಆನ್ ಮಾಡಿದಾಗ ತಾರೀಖು ಹಿಂದಿನ ಯಾವುದೋ ವರ್ಷ ತೋರಿಸಿದರೆ ಸೆಲ್ ಬದಲಿಸಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಪ್ರಮಾಣದ ಮಾತು: ಈಗಿನ ಆಟಗಳಿಗೆ 8 ಜಿಬಿ ಇಕ್ಕಟ್ಟು, 16 ಇದ್ದರೆ ಉಸಿರಾಟ. ಆಡುವಾಗ ರ‍್ಯಾಮ್ ಬಳಕೆ 90 ಪ್ರತಿಶತ ದಾಟಿದರೆ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸಲು ಹೊರಡುತ್ತದೆ. ಆ ಡಿಸ್ಕ್ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಮುಗಿಯಿತು ಕಥೆ.

ಹಂತ 6: ಡಿಸ್ಕ್

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. "ಕಾಷನ್" ಎಂದು ಹಳದಿ ಬಂದರೆ ಆಟದ ಮಾತು ಬಿಡಿ, ಮೊದಲು ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಡಿಸ್ಕ್ ಆರೋಗ್ಯವಾಗಿದ್ದರೂ, ತೆರೆದ ಜಗತ್ತಿನ ಆಟಗಳು ಓಡುತ್ತಾ ಓಡುತ್ತಾ ಹೊಸ ಬೀದಿಗಳನ್ನು ಡಿಸ್ಕಿನಿಂದ ತರುತ್ತಿರುತ್ತವೆ. ಹಾರ್ಡ್ ಡಿಸ್ಕ್ ತಡಮಾಡಿದರೆ ಕಾರು ನಿಲ್ಲುತ್ತದೆ, ಇಲ್ಲವೇ ರಸ್ತೆಯೇ ಮಾಯ. ಅದರ ಬದಲು ತಿರುಗುವ ಭಾಗವಿಲ್ಲದ ಸಾಟಾ ಎಸ್‌ಎಸ್‌ಡಿ ಸಾಕು, ಇನ್ನೂ ವೇಗದ ಎನ್‌ವಿಎಂಇ ಇಲ್ಲ ಎಂದು ಕೊರಗಬೇಡಿ. ವಿಂಡೋಸನ್ನೂ ನೀವು ಹೆಚ್ಚು ಆಡುವ ಆಟವನ್ನೂ ಅದಕ್ಕೆ ಹಾಕಿ. ಎಸ್‌ಎಸ್‌ಡಿಯಿಂದ ಎಫ್‌ಪಿಎಸ್ ಸರಾಸರಿ ಏರುವುದಿಲ್ಲ, ತಡವರಿಕೆ ಹೋಗುತ್ತದೆ. ಎರಡನ್ನೂ ಬೆರೆಸಬಾರದು.

ಹಂತ 7: ಡ್ರೈವರ್, ವಿಂಡೋಸ್

ಡ್ರೈವರ್ ಮೇಲೆ ಡ್ರೈವರ್ ಹಾಕುತ್ತಾ ಬಂದಿದ್ದರೆ ಡಿಡಿಯು ಎಂಬ ಸಾಧನದಿಂದ ಸೇಫ್ ಮೋಡ್‌ನಲ್ಲಿ ಹಳೆಯದನ್ನೆಲ್ಲ ಅಳಿಸಿ, ಕಂಪನಿಯ ತಾಣದಿಂದಲೇ ಹೊಸದು ಹಾಕಿ. ಅದಾದ ಮೇಲೆ ಮೊದಲ ಅರ್ಧ ಗಂಟೆ ಆಟ ಕುಲುಕಿದರೆ ಗಾಬರಿ ಬೇಡ. ಶೇಡರ್‌ಗಳು (ಬೆಳಕು, ಬಣ್ಣ ಬಿಡಿಸಲು ಕಾರ್ಡ್ ಓಡಿಸುವ ಪುಟ್ಟ ಪ್ರೋಗ್ರಾಂಗಳು) ಮತ್ತೆ ತಯಾರಾಗುತ್ತಿರುತ್ತವೆ.

ಹಳೆ ಕಾರ್ಡಿನವರು ಹೊಸ ಡ್ರೈವರ್‌ಗಾಗಿ ಬಾಗಿಲು ಕಾಯುವ ಕಾಲ ಮುಗಿಯಿತು. ಎನ್‌ವಿಡಿಯಾ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಕಾರ್ಡ್‌ಗಳಿಗೆ, ಎಂದರೆ ಜಿಟಿಎಕ್ಸ್ 900 ಮತ್ತು 10 ಸರಣಿಗೆ, ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಆಮೇಲೆ ಮೂರು ವರ್ಷ ಭದ್ರತಾ ತಿದ್ದುಪಡಿ ಮಾತ್ರ. ಅದೇ ತಿಂಗಳ 14ರಂದು ವಿಂಡೋಸ್ 10ರ ಬೆಂಬಲವೂ ಮುಗಿಯಿತು. ವಿಂಡೋಸ್ 7 ಮತ್ತು 8ರಲ್ಲಿ ಸ್ಟೀಮ್ ಬೆಂಬಲ 2024ರ ಜನವರಿ 1ಕ್ಕೇ ನಿಂತಿತ್ತು. ಇವುಗಳಿಂದ ಎಫ್‌ಪಿಎಸ್ ರಾತ್ರೋರಾತ್ರಿ ಇಳಿಯುವುದಿಲ್ಲ. ಆದರೆ ಆಡುವ ಪಿಸಿಯಲ್ಲೇ ಬ್ಯಾಂಕ್ ವ್ಯವಹಾರ ಮಾಡುವ ಮನೆಗಳಲ್ಲಿ ಇದು ಯೋಚಿಸಬೇಕಾದ ವಿಷಯ. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಇಂಟೆಲ್‌ನ 8ನೇ ಪೀಳಿಗೆ ಮತ್ತು ನಂತರದ್ದನ್ನು. ನಮ್ಮ ಐ5-4460 ನಾಲ್ಕನೆಯದು.

ವಿಂಡೋಸ್ 11 ಇರುವವರು "ಕೋರ್ ಐಸೊಲೇಶನ್" ಒಳಗಿನ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಆಯ್ಕೆಯನ್ನು ಆಫ್ ಮಾಡಿದರೆ ಕೆಲವು ಆಟಗಳಲ್ಲಿ ಸ್ವಲ್ಪ ಲಾಭವಿದೆ. ಮೈಕ್ರೋಸಾಫ್ಟೇ ಆಟಗಾರರಿಗೆ ಈ ಆಯ್ಕೆ ಹೇಳಿದೆ, ಆಟ ಮುಗಿದ ಮೇಲೆ ಮತ್ತೆ ಆನ್ ಮಾಡಿ ಎಂಬ ಎಚ್ಚರಿಕೆಯ ಜೊತೆಗೆ. ನಾನು ಇದನ್ನು ಕೊನೆಯ ಉಪಾಯವಾಗಿಯೇ ಇಟ್ಟುಕೊಳ್ಳುತ್ತೇನೆ.

ಹಂತ 8: ಆಟದೊಳಗಿನ ಸೆಟ್ಟಿಂಗ್

ಎಲ್ಲವನ್ನೂ "ಲೋ"ಗೆ ತಳ್ಳಿ ಆಟವನ್ನು ಕುರೂಪ ಮಾಡಬೇಕಿಲ್ಲ. ಎರಡನೇ ಹಂತದಲ್ಲಿ ಸಿಕ್ಕ ಉತ್ತರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಕಾರ್ಡ್ ತಡೆಯಾಗಿದ್ದರೆ ಮೊದಲು ನೆರಳು ಇಳಿಸಿ, ಆಮೇಲೆ ಪ್ರತಿಫಲನ, ಮಂಜಿನಂಥ ವಾಲ್ಯೂಮೆಟ್ರಿಕ್ ಪರಿಣಾಮಗಳು, ಆಂಬಿಯೆಂಟ್ ಅಕ್ಲೂಷನ್ (ಮೂಲೆ-ಸಂದುಗಳ ಮಬ್ಬು ನೆರಳು), ಎಂಎಸ್‌ಎಎ (ಅಂಚುಗಳ ಮೆಟ್ಟಿಲು ನುಣುಪಾಗಿಸುವುದು). 1080ರ ಬದಲು 900ರಲ್ಲಿ ಆಡಿದರೆ ಚುಕ್ಕೆಗಳು ಸುಮಾರು 30 ಪ್ರತಿಶತ ಕಡಿಮೆ. ಆಟದಲ್ಲಿ ಎಫ್‌ಎಸ್‌ಆರ್ (ಕಡಿಮೆ ಚುಕ್ಕೆಯಲ್ಲಿ ಬಿಡಿಸಿ ಪರದೆಗೆ ಹಿಗ್ಗಿಸುವುದು) ಇದ್ದರೆ ಬಳಸಿ; ಎಎಮ್‌ಡಿ 2021ರಲ್ಲಿ ತಂದ ಈ ತಂತ್ರ ಹಳೆಯ ಜಿಟಿಎಕ್ಸ್ ಕಾರ್ಡ್‌ಗಳಲ್ಲೂ ಓಡುತ್ತದೆ. ಎನ್‌ವಿಡಿಯಾದ ಅಂಥದೇ ತಂತ್ರ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಮಟ್ಟ ಮಾತ್ರ ಬೇರೆ ಲೆಕ್ಕ: ಕಾರ್ಡಿನ ವೀಡಿಯೊ ಮೆಮೊರಿಯಲ್ಲಿ ಹಿಡಿಸುವವರೆಗೆ ಅದರಿಂದ ಹೆಚ್ಚು ತೊಂದರೆಯಿಲ್ಲ, ತುಂಬಿ ತುಳುಕಿದ ಕೂಡಲೇ ಆಟ ಮುಗ್ಗರಿಸುತ್ತದೆ.

ಸಿಪಿಯು ತಡೆಯಾಗಿದ್ದರೆ ಮೇಲಿನ ಯಾವುದೂ ಹೆಚ್ಚು ಉಪಯೋಗಕ್ಕೆ ಬಾರದು. ಅಲ್ಲಿ ಇಳಿಸಬೇಕಾದ್ದು ಜನಸಂದಣಿ, ವಾಹನ ದಟ್ಟಣೆ, ಎಷ್ಟು ದೂರದವರೆಗೆ ಕಾಣಬೇಕು ಎಂಬುದು. ಜಿಟಿಎ 5ರಲ್ಲಿ ಪಾಪ್ಯುಲೇಶನ್ ಡೆನ್ಸಿಟಿ ಮತ್ತು ಡಿಸ್ಟೆನ್ಸ್ ಸ್ಕೇಲಿಂಗ್ ಪಟ್ಟಿಗಳನ್ನು ಅರ್ಧಕ್ಕೆ ಎಳೆಯಿರಿ. ಊರಲ್ಲಿ ಜನ ಕಡಿಮೆಯಾದರೇನು, ರಸ್ತೆ ಸಲೀಸು.

ಕೊನೆಗೆ ರಿವಾಟ್ಯೂನರ್‌ನಲ್ಲಿ ಫ್ರೇಮ್ ಮಿತಿ ಹಾಕಿ. 45ಕ್ಕೂ 75ಕ್ಕೂ ನಡುವೆ ಕುಣಿಯುವ ಆಟಕ್ಕಿಂತ 50ಕ್ಕೆ ಕಟ್ಟಿಹಾಕಿದ ಆಟ ಕಣ್ಣಿಗೆ ಹಿತ, ಬಿಸಿಯೂ ಕಡಿಮೆ.

ಹಂತ 9: ಕೊಳ್ಳಲೇಬೇಕೆಂದರೆ

ಮೊದಲು ಎಸ್‌ಎಂಪಿಎಸ್ ನೋಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ, 450 ವ್ಯಾಟ್ ಎಂದು ಸ್ಟಿಕ್ಕರ್ ಅಂಟಿಸಿದ ಹಗುರ ಡಬ್ಬಿಯನ್ನು ನಂಬಿ ಆರ್‌ಎಕ್ಸ್ 580 ತರಬೇಡಿ. ಆ ಕಾರ್ಡೊಂದೇ 185 ವ್ಯಾಟ್ ಕೇಳುತ್ತದೆ. ಭಾರವಾದ ದೃಶ್ಯ ಬಂದಾಗ ಪಿಸಿ ತಾನಾಗಿ ರೀಸ್ಟಾರ್ಟ್ ಆದರೆ, ಯುಪಿಎಸ್ ಕಿರುಚಿದರೆ ಸಂಶಯ ಕರೆಂಟಿನ ಮೇಲಿರಲಿ. ಬೇರೆ ಪವರ್ ವೈರ್ ಬೇಡದ, ಸ್ಲಾಟಿನಿಂದಲೇ ಕರೆಂಟು ಪಡೆಯುವ ಕಾರ್ಡ್‌ಗಳು ಇಂಥವರಿಗೆ ಕ್ಷೇಮ. 75 ವ್ಯಾಟಿನ 1050 ಟಿಐ ಅಷ್ಟು ಜನಪ್ರಿಯವಾದದ್ದು ಅದಕ್ಕೇ. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿಯೂ 70 ವ್ಯಾಟಿನದು.

ಅಗ್ಗ ಎಂದು ಬಲೆಗೆ ಬೀಳಬಾರದ ಕೆಲವಿವೆ. ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡ್‌ಗಳಿಗೆ ಇರುವುದು ನಾಲ್ಕೇ ಪಿಸಿಐಇ ಲೇನ್ (ಬೋರ್ಡಿಗೂ ಕಾರ್ಡಿಗೂ ನಡುವಿನ ದಾರಿ). ಹೊಸ ಬೋರ್ಡಿನಲ್ಲಿ ಸರಿ, ಹಳೆಯ ಪಿಸಿಐಇ 3 ಬೋರ್ಡಿನಲ್ಲಿ ದಾರಿ ಅರ್ಧಕ್ಕರ್ಧ ಕಿರಿದಾಗುತ್ತದೆ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ ರೀಸೈಝಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಸಿಪಿಯು ಒಟ್ಟಿಗೆ ಮುಟ್ಟಲು ಬಿಡುವ ಬೋರ್ಡಿನ ಸೌಲಭ್ಯ) ಬೇಕೇ ಬೇಕು, ಹತ್ತು ವರ್ಷದ ಬೋರ್ಡ್‌ಗಳಲ್ಲಿ ಅದಿರುವುದಿಲ್ಲ. ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 570, 580ಗಳಲ್ಲಿ ಎಷ್ಟೋ ಕಾರ್ಡ್‌ಗಳು 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಗಣಿಗಾರಿಕೆ ನಿಲ್ಲುವವರೆಗೆ ಹಗಲುರಾತ್ರಿ ದುಡಿದು ಬಂದವು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಾದರೆ ಅಂಗಡಿಯಲ್ಲೇ ಹದಿನೈದು ನಿಮಿಷ ಭಾರದ ಪರೀಕ್ಷೆ ಓಡಿಸಿ ತೋರಿಸಿ ಎನ್ನಿ, ಜಿಪಿಯು-ಝಡ್‌ನಲ್ಲಿ ಕಾರ್ಡಿನ ನಿಜವಾದ ಹೆಸರು ನೋಡಿ. ಕಂಪನಿಗಳಿಂದ ಹೊರಬಿದ್ದ ಚಿಕ್ಕ ಆಫೀಸ್ ಪಿಸಿ ಇದ್ದವರು ಟೇಪ್ ಹಿಡಿದು ಅಳೆದು ಹೋಗಿ. ಅಲ್ಲಿ ಕಾರ್ಡಿನ ಎತ್ತರವೂ ಎಸ್‌ಎಂಪಿಎಸ್ ಕನೆಕ್ಟರೂ ಬೇರೆಯಿರಬಹುದು.

ಸಿಪಿಯು ತಡೆಯಾಗಿದ್ದರೆ ಬೋರ್ಡ್ ಬದಲಿಸದೆ ಅದೇ ಸಾಕೆಟ್ಟಿನ ದೊಡ್ಡಣ್ಣ ಸಿಗುತ್ತಾನೆಯೇ ನೋಡಿ. ಐ5-4460 ಇದ್ದ ಜಾಗದಲ್ಲಿ ಸೆಕೆಂಡ್‌ಹ್ಯಾಂಡ್ ಐ7-4790 ಕೂರುತ್ತದೆ. ಕೋರ್ ನಾಲ್ಕೇ ಆದರೂ ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸ) ಎಂಟು. ಎಎಮ್4 ಬೋರ್ಡ್ ಇದ್ದವರು ಅದೃಷ್ಟವಂತರು, ಬಯೋಸ್ ಅಪ್‌ಡೇಟ್ ಮಾಡಿ ರೈಜೆನ್ 5000 ಸರಣಿಯವರೆಗೆ ಹೋಗಬಹುದು. ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಂಡೇ ದುಡ್ಡು ಕೊಡಿ.

ದಾವಣಗೆರೆಯ ಪಿಸಿಗೆ ಕೊನೆಗೆ ಬಿದ್ದದ್ದು ಒಂದು ಟ್ಯೂಬ್ ಪೇಸ್ಟ್, ಒಂದು ಸೆಲ್, ಮತ್ತು ಜೋಡಿಗೆ ಹಾಕಲು ಇನ್ನೊಂದು 8 ಜಿಬಿ ಹಳೆಯ ಡಿಡಿಆರ್3 ಕಡ್ಡಿ. ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು.

"ಮಾಮ, ಈಗ ಜಿಪಿಯು 98 ಅಂತ ತೋರಿಸ್ತಿದೆ. ನೀವೇ ಹೇಳಿದ್ರಲ್ಲ, ಹಂಗಂದ್ರೆ ಕಾರ್ಡ್ ಸಾಲ್ತಿಲ್ಲ ಅಂತ."

"ಎಫ್‌ಪಿಎಸ್ ಎಷ್ಟು?"

"ಅರವತ್ತು."

"ಮಾನಿಟರ್ ಎಷ್ಟು ಹರ್ಟ್ಸಿಂದು?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅರವತ್ತು."

"ಅಮ್ಮಂಗೆ ಫೋನ್ ಕೊಡು."